ಮುಚ್ಚಳ ಎಲ್ಲಿದೆ

"ಮುಚ್ಚಳ ಎಲ್ಲಿದೆ ಮೇಡಂ?" ಅಂದ ಸಗಾಯರಾಜ್,
ಬೂಟು ಬಿಚ್ಚದೆ, ಕುಡಿಯಲು ನೀರೂ ಕೇಳದೆ.
ಎಲ್ಲಿದೆ?
ಹದಿನಾರು ವರ್ಷ ಈ ಮನೆಯಲ್ಲಿದ್ದೇನೆ.
ಮೀಟರು ಗೊತ್ತು, ಸಂಪು ಗೊತ್ತು,
ಹಾಲಿನವನ ಲೆಕ್ಕ, ಮೇಲಿನ ಬಾಡಿಗೆಯವರ ಜಗಳ,
ಯಾರ ಬ್ಲೌಸಿಗೆ ಎಷ್ಟು ತೋಳು, ಎಷ್ಟು ಎದೆ,
ಎಲ್ಲಾ ಬಾಯಿಪಾಠ.
ಇದೊಂದು ಗೊತ್ತಿಲ್ಲ.

ನಮ್ಮೆಜಮಾನರು ಗೇಟಿನ ಹತ್ತಿರ ಅಂದರು,
ಆಮೇಲೆ ಮೆಟ್ಟಿಲ ಕೆಳಗೆ ಅಂದರು,
ಆಮೇಲೆ ಮೇಸ್ತ್ರಿ ಚೌಡಯ್ಯನಿಗೆ ಫೋನು ಮಾಡಿದರು.
ಆ ನಂಬರಿನಲ್ಲಿ ಈಗ ಯಾರೋ ಹಿಂದಿ ಮಾತಾಡುತ್ತಾರೆ.

ಅಂದ್ರಹಳ್ಳಿಯಲ್ಲಿ ಆಗ ಕಾವೇರಿಯೂ ಇಲ್ಲ, ಚರಂಡಿಯೂ ಇಲ್ಲ.
ಇಪ್ಪತ್ತು ಮೂವತ್ತರ ಸೈಟು, ಅದಕ್ಕೊಂದು ಬಿ ಖಾತಾ.
"ಮುಂದೆ ಯುಜಿಡಿ ಬರುತ್ತೆ ಬಿಡಿ" ಅನ್ನುತ್ತ
ಒಬ್ಬೊಬ್ಬರೂ ಒಂದೊಂದು ಗುಂಡಿ ತೋಡಿ
ಅದಕ್ಕೆ ಬೆನ್ನು ಹಾಕಿ ಮನೆ ಕಟ್ಟಿದೆವು.
ಚೀಟಿ ಎತ್ತಿದ ವರ್ಷ ಅಂಗಳಕ್ಕೆ ಗ್ರಾನೈಟು.
ಯುಜಿಡಿ ಬರಲಿಲ್ಲ. ಬಂದದ್ದು
ಈ ಆಷಾಢದಲ್ಲಿ, ಬಚ್ಚಲ ಬಾಯಲ್ಲಿ,
ಒಂದು ಗುಳುಗುಳು.

ಅವನ ಕೈಯಲ್ಲಿ ಕಬ್ಬಿಣದ ಸರಳು.
ಕಲ್ಲು ಕಲ್ಲಿಗೂ ಕುಟ್ಟುತ್ತಾನೆ, ಕಿವಿ ಬಾಗಿಸುತ್ತಾನೆ
ಗಾಡಿಯ ಮುಂದೆ ನಿಂತು ಹಲಸಿನಹಣ್ಣು ಬಡಿದು ನೋಡುವವರ ಹಾಗೆ.
ಟಕ್. ಟಕ್. ಟಕ್.
ಬಾಗಿಲ ಮುಂದೆ, ಡುಬ್.
"ಇಲ್ಲೇ."

ಇಲ್ಲೇ. ಇವತ್ತು ಬೆಳಿಗ್ಗೆ ಹನ್ನೊಂದು ಚುಕ್ಕಿ ಇಟ್ಟ ಜಾಗ.
ಶ್ರಾವಣದ ಶುಕ್ರವಾರ ಅರಿಶಿನ ಕುಂಕುಮ ಏರಿಸಿ
ಅಮ್ಮನವರನ್ನು ಒಳಗೆ ಕರೆಯುವ ಜಾಗ.
ನನಗೆ ನಗು ಬಂತು. ನಮ್ಮೆಜಮಾನರಿಗೆ ಬರಲಿಲ್ಲ.

ಮುಚ್ಚಳ ಒಂದು ಗೇಣು ಸರಿದದ್ದೇ ತಡ
"ಹಿಂದೆ ಹೋಗಿ, ಎಲ್ಲಾ ಹಿಂದೆ" ಅಂದ.
ಕಾಂಪೌಂಡಿಗೆ ಒರಗಿ ನೋಡುತ್ತಿದ್ದ ಪಕ್ಕದ ಮನೆ ತಾತನ
ಬೀಡಿಯನ್ನೂ ಬೆಂಕಿಪೊಟ್ಟಣವನ್ನೂ ಇಸಿದುಕೊಂಡು ಜೇಬಿಗಿಟ್ಟ.
ಗುಂಡಿ ಉಸಿರು ಬಿಡಲಿ ಅಂತ ಅರ್ಧ ಗಂಟೆ ಕಾದೆವು.
"ಯಾರನ್ನೂ ಇಳಿಸಲ್ವಾ?" ಅಂತ ಕೇಳಿದರು ಇವರು.
ಸರಳು ಒರೆಸುತ್ತಿದ್ದ ಕೈ ನಿಂತಿತು.
"ಇಳಿಸಲ್ಲ ಸಾರ್."
ಮತ್ತೆ ಒರೆಸತೊಡಗಿದ, ತುಂಬಾ ಹೊತ್ತು.

ಬಿಳಿ ಬಟ್ಟೆ ಸುತ್ತಿದ ಉದ್ದ ಕೋಲು ಇಳಿಸಿ, ಎತ್ತಿ,
ಟೇಪಿಗೆ ತಡಕಾಡಿದ. ಮರೆತು ಬಂದಿದ್ದ.
ನನ್ನ ಕೊರಳಲ್ಲಿದ್ದದ್ದನ್ನೇ ತೆಗೆದು ಕೊಟ್ಟೆ.
ಕಪ್ಪು ಏರಿದ್ದು ಇಪ್ಪತ್ತೆಂಟು ಇಂಚು, ಓದಿದವಳು ನಾನೇ.
ಮೊನ್ನೆ ಹೊಲಿದ ಫರ್ಹತ್ ಮಗಳ ಲಂಗದ ಸೊಂಟ.
(ಟೇಪು ಈಗ ಡೆಟ್ಟಾಲಿನಲ್ಲಿ ನೆನೆಯುತ್ತಿದೆ,
ಹೊಸದು ತರಬೇಕು.)

ಆಮೇಲೆ ಕ್ಯಾಮೆರಾ. ಅಂಗೈಯಗಲ ಪರದೆಯಲ್ಲಿ
ಗೋಡೆ, ಗೋಡೆ, ಬೇರು.
ಬೇರು?
ಇಟ್ಟಿಗೆ ಸೀಳಿ ನುಗ್ಗಿದ ಬೇರಿನ ಗಡ್ಡ,
ಮುಳುಗಿ ಹಾಯಾಗಿ ಕುಡಿಯುತ್ತಿದೆ.
ಕಣ್ಣು ತಾನಾಗೇ ಮೇಲಕ್ಕೆ ಹೋಯಿತು.
ನನ್ನ ಕರಿಬೇವು.

ನಾಲ್ಕನೇ ಕ್ರಾಸಿಗೆಲ್ಲ ಹಂಚಿದ ಕರಿಬೇವು.
"ಏನು ಹಾಕ್ತೀರಾ ಇದಕ್ಕೆ?" ಅಂದವರಿಗೆ
"ಹುಳಿಮಜ್ಜಿಗೆ" ಅಂತ ಬೀಗಿದ ಕರಿಬೇವು.
ಎಷ್ಟು ಮನೆಯ ಒಗ್ಗರಣೆ, ಎಷ್ಟು ಉಪ್ಪಿಟ್ಟು,
ಒಂದು ನಾಮಕರಣದ ಚಿತ್ರಾನ್ನ.

ಚೀಟಿ ಬರೆದ: ಗಾಡಿ ಕರೆಸಿ ಹೀರಿಸಿ. ಗೋಡೆ ಕಟ್ಟಿಸಿ.
ಮುಂದಿನ ಸಲ ಹುಡುಕಬೇಡಿ,
ಗೇಟಿನಿಂದ ಏಳು ಅಡಿ, ಎಡಕ್ಕೆ ಎರಡು.
ಕೊನೆಯದನ್ನು ಬರೆಯಲಿಲ್ಲ, ಬೂಟು ಒದರುತ್ತ ಹೇಳಿದ:
"ಆ ಸೀಳು ಪಕ್ಕದವರ ಬೋರಿನ ಕಡೆಗಿದೆ.
ನೀರು ಪರೀಕ್ಷೆ ಮಾಡಿಸಲಿ.
ನೀವೇ ಹೇಳಿದರೆ ಚೆನ್ನಾಗಿರುತ್ತೆ."

ಇವರು ಸಂಜೆ ಹೇಳೋಣ ಅಂದರು, ಭಾನುವಾರ ಅಂದರು.
ಸೆರಗಿಗೆ ಕೈ ಒರೆಸಿಕೊಂಡು ನಾನೇ ಹೊರಟೆ.
ಕರಿಬೇವಿಲ್ಲದೆ, ಬರಿಗೈಯಲ್ಲಿ,
ಫರ್ಹತ್‌ಳ ಗೇಟು ತಟ್ಟಿದ್ದು
ಇದೇ ಮೊದಲು.